2016ರ ಬರೋಲೊ: ಬೆಂಗಳೂರಿನ ಮನೆಯಲ್ಲಿ ಇಡಬೇಕೋ, ಕುಡಿದುಬಿಡಬೇಕೋ?

ಜಯನಗರದ ತಾತ
ಎಲ್ಲರಿಗೂ ನಮಸ್ಕಾರ. ನಮ್ಮ ಅಳಿಯ ಇಟಲಿಯ ತೊರಿನೊದಲ್ಲಿ ಇಂಜಿನಿಯರ್. ಈ ಸಲ ಬಂದಾಗ ಬರೋಲೊ ಎಂಬ ಕೆಂಪು ವೈನ್ ಎರಡು ಬಾಟಲಿ ತಂದುಕೊಟ್ಟ. ಲೇಬಲ್ ಮೇಲೆ 2016 ಅಂತಿದೆ, ಊರಿನ ಹೆಸರು ಸೆರ್ರಲುಂಗಾ ದಾಲ್ಬಾ. ಮೊಮ್ಮಗಳು ಹುಟ್ಟಿದ್ದೂ 2016ರಲ್ಲೇ. ಅದಕ್ಕೇ ಹುಡುಕಿ ಅದೇ ವರ್ಷದ್ದು ತಂದಿದ್ದಾನೆ. "ಮಾವ, ಇದು ಇಟ್ಟಷ್ಟೂ ಚೆನ್ನಾಗಿರುತ್ತೆ, ಅವಳ ಮದುವೆಗೆ ತೆಗೆಯೋಣ" ಅಂದ.

ನನಗೆ ವೈನ್ ಬಗ್ಗೆ ಆಸಕ್ತಿ ಇದೆ, ಆದರೆ ನಾನು ಕುಡಿದದ್ದೆಲ್ಲ ತಂದ ವಾರವೇ ಮುಗಿಸುವಂಥದ್ದು. ಒಂದು ವೈನ್ ನಿಜವಾಗಿ 25 ವರ್ಷ ಉಳಿಯುತ್ತದೆಯೇ? ಈಗ ಸ್ಟೋರ್ ರೂಮಿನ ಕೆಳಗಿನ ಗೂಡಿನಲ್ಲಿ ಟವೆಲ್ ಸುತ್ತಿ ಮಲಗಿಸಿದ್ದೇನೆ. ಕತ್ತಲೆ ಇದೆ, ಬಿಸಿಲು ಬೀಳುವುದಿಲ್ಲ. ಇಷ್ಟು ಸಾಕೇ? ತಿಳಿದವರು ದಯವಿಟ್ಟು ಹೇಳಿ.

ತೊರಿನೊ ಕನ್ನಡತಿ
ಸರ್, ನಿಮ್ಮ ಅಳಿಯಂದಿರು ತುಂಬ ಒಳ್ಳೆ ವರ್ಷ ಆರಿಸಿದ್ದಾರೆ. ಈ ಕಡೆ 2016 ಅಂದರೆ 2010ರ ಜೊತೆಗೆ ಹೆಸರು ಹೇಳುವಂಥ ವರ್ಷ. ಬೇಸಿಗೆಯ ಬಿಸಿಲು ಅತಿಯಾಗಲಿಲ್ಲ, ಕೊಯ್ಲಿನ ಮುಂಚಿನ ವಾರಗಳಲ್ಲಿ ಹಗಲು ಬೆಚ್ಚಗೆ ರಾತ್ರಿ ತಣ್ಣಗೆ ಇದ್ದು ಹಣ್ಣು ನಿಧಾನಕ್ಕೆ ಮಾಗಿತು. ಊರೂ ಅಷ್ಟೇ ಒಳ್ಳೆಯದು.

ಬರೋಲೊ ಒಂದು ಸಣ್ಣ ಊರು. ಆಲ್ಬಾ ಪಟ್ಟಣದ ದಕ್ಷಿಣಕ್ಕಿರುವ ಲಾಂಗೆ ಗುಡ್ಡಗಳಲ್ಲಿ ಆ ಊರೂ ಸೇರಿ ಒಟ್ಟು 11 ಊರುಗಳ ತೋಟಗಳಿಗೆ ಮಾತ್ರ ಈ ಹೆಸರು ಹಾಕುವ ಹಕ್ಕಿದೆ. ದ್ರಾಕ್ಷಿ ನೆಬ್ಬಿಯೋಲೊ ಒಂದೇ, ಬೇರೆ ತಳಿ ಬೆರೆಸುವಂತಿಲ್ಲ. ಹೆಕ್ಟೇರಿಗೆ 8 ಟನ್ನಿಗಿಂತ ಹೆಚ್ಚು ಇಳುವರಿ ತೆಗೆಯುವಂತಿಲ್ಲ. ಕೊಯ್ದ ವರ್ಷದ ನವೆಂಬರ್ 1ರಿಂದ ಲೆಕ್ಕ ಹಿಡಿದು 38 ತಿಂಗಳು ಕಾಯಿಸಬೇಕು, ಅದರಲ್ಲಿ 18 ತಿಂಗಳಾದರೂ ಮರದ ಪೀಪಾಯಿಯಲ್ಲಿ. ಲೇಬಲ್ಲಿನಲ್ಲಿ 'ರಿಸೆರ್ವಾ' ಅಂತಿದ್ದರೆ 62 ತಿಂಗಳು. ಅಂದರೆ ನಿಮ್ಮ ಬಾಟಲಿ ಅಂಗಡಿಗೆ ಬಂದದ್ದೇ 2020ರ ಜನವರಿ ಆದಮೇಲೆ.

ಈ 11 ಊರುಗಳ ವೈನೂ ಒಂದೇ ಥರ ಇರುವುದಿಲ್ಲ. ಪಶ್ಚಿಮದ ಲಾ ಮೊರ್ರಾ ಮತ್ತು ಬರೋಲೊ ಕಡೆ ನೀಲಿ ಛಾಯೆಯ ಬೂದು ಸುಣ್ಣಮಣ್ಣು. ಅಲ್ಲಿನ ವೈನ್ ಬೇಗ ಮೆದುವಾಗುತ್ತೆ, ಪರಿಮಳ ಮುಂದಾಗಿರುತ್ತೆ. ಪೂರ್ವದ ಸೆರ್ರಲುಂಗಾ, ಮೊನ್‌ಫೋರ್ತೆ ಕಡೆ ಮರಳುಗಲ್ಲಿನ ಪದರ ಬೆರೆತ ಬಡ ಮಣ್ಣು. ಅಲ್ಲಿನದು ಒರಟು, ಬಿಗಿ, ಬಾಳಿಕೆ ಜಾಸ್ತಿ. ಹಾಗಾಗಿ 25 ವರ್ಷದ ಪ್ರಶ್ನೆಗೆ ಉತ್ತರ: ಹೌದು, ಒಳ್ಳೆ ತಯಾರಕರ 2016ರ ಸೆರ್ರಲುಂಗಾ 2041ಕ್ಕೂ ಗಟ್ಟಿಯಾಗಿ ನಿಲ್ಲಬಲ್ಲದು. 1989, 1990, 1996ರ ಬಾಟಲಿಗಳನ್ನು ಇಲ್ಲಿ ಜನ ಈಗಲೂ ಸಂಭ್ರಮದಿಂದ ತೆಗೆಯುತ್ತಾರೆ.

ಆದರೆ ಸರ್, ಆ ಬಾಟಲಿಗಳೆಲ್ಲ ಮಲಗಿದ್ದು ನೆಲಮಾಳಿಗೆಯಲ್ಲಿ. 12ರಿಂದ 14 ಡಿಗ್ರಿ, ವರ್ಷಪೂರ್ತಿ ಹೆಚ್ಚುಕಮ್ಮಿ ಅಷ್ಟೇ. ಗಾಳಿಯಲ್ಲಿ ತೇವ ಶೇ. 70ರ ಆಸುಪಾಸು. ಜಯನಗರದ ಸ್ಟೋರ್ ರೂಮು ಎಷ್ಟೇ ಕತ್ತಲೆ ಇರಲಿ, ಏಪ್ರಿಲ್‌ನಲ್ಲಿ 30 ಡಿಗ್ರಿ ಮುಟ್ಟದೇ ಇರುವುದಿಲ್ಲ. ಅಲ್ಲಿ 25 ವರ್ಷ ಇಟ್ಟರೆ ಮದುವೆ ದಿನ ನಿಮ್ಮ ಲೋಟಕ್ಕೆ ಬರುವುದು ಕಂದು ಬಣ್ಣದ ಹುಳಿ ನೀರು. ಇದನ್ನು ಮೆದುವಾಗಿ ಹೇಳಿದರೆ ನಿಮಗೇ ನಷ್ಟ, ಅದಕ್ಕೆ ನೇರವಾಗಿ ಹೇಳುತ್ತಿದ್ದೇನೆ.

ರಸಾಯನಶಾಸ್ತ್ರ ಮೇಷ್ಟ್ರು, ಶಿರಸಿ
ಮೇಲಿನವರು ಹೇಳಿದ್ದು ಸರಿ. ಯಾಕೆ ಹಾಗಾಗುತ್ತೆ ಅಂತ ಸ್ವಲ್ಪ ವಿವರಿಸುತ್ತೇನೆ.

ಹಸಿ ಅಡಿಕೆ ಜಗಿದಾಗ ನಾಲಿಗೆ, ಒಸಡು ಎಲ್ಲ ಒಣಗಿ ಹಿಡಿದುಕೊಂಡಂತಾಗುತ್ತದಲ್ಲ, ಆ ಒಗರಿಗೆ ಕಾರಣ ಟ್ಯಾನಿನ್. ನಮ್ಮ ಜೊಲ್ಲಿನ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತೆ, ಬಾಯಿಯ ಜಾರುತನ ಹೋಗುತ್ತೆ. ನೆಬ್ಬಿಯೋಲೊ ಸಿಪ್ಪೆ ಮತ್ತು ಬೀಜದಲ್ಲಿ ಈ ಟ್ಯಾನಿನ್ ವಿಪರೀತ. ಹುಳಿಯ ಅಂಶವೂ ಜಾಸ್ತಿ. ಬಣ್ಣ ಮಾತ್ರ ಕಡಿಮೆ. ಅದರಲ್ಲಿರುವ ಬಣ್ಣದ ಅಣುಗಳೂ ಬೇರೆ ಕೆಂಪು ದ್ರಾಕ್ಷಿಗಳಲ್ಲಿರುವಷ್ಟು ಗಟ್ಟಿಯವಲ್ಲ, ಬೇಗ ಮಾಸುತ್ತವೆ. ಹೀಗಾಗಿ ಬರೋಲೊ ಎಳೆಯದಿದ್ದಾಗಲೇ ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣ ಕಾಣಿಸುತ್ತೆ. ತೆಳು ಬಣ್ಣ ನೋಡಿ ಸಪ್ಪೆ ವೈನ್ ಅಂದುಕೊಂಡು ಒಂದು ಗುಟುಕು ಕುಡಿದವರು ಆ ಒಗರಿಗೆ ಬೆಚ್ಚಿಬೀಳುತ್ತಾರೆ.

ಬಾಟಲಿಯೊಳಗೆ ವರ್ಷಗಟ್ಟಲೆ ನಡೆಯುವುದು ಇದು: ಟ್ಯಾನಿನ್ ಅಣುಗಳು ಒಂದಕ್ಕೊಂದು, ಬಣ್ಣದ ಅಣುಗಳಿಗೂ, ಕೊಂಡಿ ಹಾಕಿಕೊಳ್ಳುತ್ತಾ ಹೋಗುತ್ತವೆ. ಕೆಲವು ತೀರಾ ದೊಡ್ಡದಾಗಿ ತಳಕ್ಕೆ ಗಷ್ಟಾಗಿ ಇಳಿಯುತ್ತವೆ. ಒಗರು ಮೆದುವಾಗುತ್ತೆ. ಅದೇ ಸಮಯಕ್ಕೆ ಹಣ್ಣಿನ ವಾಸನೆ ಹಿಂದೆ ಸರಿದು ಒಣಗುಲಾಬಿ, ಚರ್ಮ, ಡಾಂಬರು, ಅಣಬೆ, ಒಣ ಎಲೆ ಇಂಥ ವಾಸನೆಗಳು ಏಳುತ್ತವೆ. ಬಿರಡೆಯ ಮೂಲಕ ಸೇರುವ ಅತ್ಯಲ್ಪ ಆಮ್ಲಜನಕಕ್ಕೂ ಇದರಲ್ಲಿ ಪಾಲಿದೆ.

ಈ ಎಲ್ಲ ಕ್ರಿಯೆಗಳೂ ಶಾಖಕ್ಕೆ ಬಗ್ಗುವಂಥವು. ಮತ್ತೆ, ಶಾಖ ಏರಿದಾಗ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಕೆಡಿಸುವ ಕ್ರಿಯೆಗಳು ಮುಂದೆ ಓಡುತ್ತವೆ. ಹಾಗಾಗಿ "ಬೆಂಗಳೂರಿನಲ್ಲಿ 8 ವರ್ಷ ಇಟ್ಟರೆ ಇಟಲಿಯ 20 ವರ್ಷಕ್ಕೆ ಸಮ" ಎಂಬ ಲೆಕ್ಕ ನಡೆಯುವುದಿಲ್ಲ. ಜೊತೆಗೆ ಬಿಸಿಗೆ ವೈನ್ ಹಿಗ್ಗಿ ಬಿರಡೆಯನ್ನು ನೂಕುತ್ತೆ, ತಣಿದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತೆ. ದಿನಾ ಹೀಗೆ ನಡೆದರೆ ಬಿರಡೆ ಎಷ್ಟು ದಿನ ತಾಳೀತು?

ವೈಟ್‌ಫೀಲ್ಡ್ ನಿವಾಸಿ
ನಾನು ಸ್ವಲ್ಪ ಭಿನ್ನ ಅಭಿಪ್ರಾಯ ಹೇಳುತ್ತೇನೆ. ಈ 20-25 ವರ್ಷ ಕಾಯುವ ಮಾತೆಲ್ಲ ಹಳೇ ಕಾಲದ್ದು. ಆಗ ಹಣ್ಣು ಪೂರ್ತಿ ಮಾಗುತ್ತಿರಲಿಲ್ಲ, ತಿಂಗಳುಗಟ್ಟಲೆ ಸಿಪ್ಪೆಯ ಜೊತೆ ನೆನೆಸಿಡುತ್ತಿದ್ದರು, ಕುಡಿಯಲು ಆಗದಷ್ಟು ಒಗರಿರುತ್ತಿತ್ತು, ಅದಕ್ಕೆ ಕಾಯಲೇಬೇಕಿತ್ತು. ಈಗಿನ ಬರೋಲೊ ಆರೇಳು ವರ್ಷಕ್ಕೇ ಚೆನ್ನಾಗಿರುತ್ತೆ. ಕೊಯ್ಲು ಹಿಂದೆ ಅಕ್ಟೋಬರ್ ಮಧ್ಯ ದಾಟಿ ಆಗುತ್ತಿದ್ದದ್ದು ಈಗ ಎಷ್ಟೋ ವರ್ಷ ಸೆಪ್ಟೆಂಬರ್ ಕೊನೆಗೇ ಶುರು. ಆಲ್ಕೋಹಾಲ್ ಶೇ. 14, 14.5 ಸಾಮಾನ್ಯ. ತಾತನವರು ಎರಡನ್ನೂ ಈಗಲೇ ಮನೆಮಂದಿಯ ಜೊತೆ ಕೂತು ಕುಡಿಯುವುದು ಒಳ್ಳೆಯದು. ಕುಡಿಯುವ ವಸ್ತುವನ್ನು ಪೂಜೆಗೆ ಇಟ್ಟಂತೆ ಇಡುವುದು ನನಗಂತೂ ಸರಿ ಕಾಣುವುದಿಲ್ಲ.

ತೊರಿನೊ ಕನ್ನಡತಿ
ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ. ಆದರೆ "ಹಳೇ ಕಾಲದ್ದು" ಅಂತ ಒಂದೇ ಮಾತಿಗೆ ತಳ್ಳಿಹಾಕಲು ಆಗುವುದಿಲ್ಲ, ಯಾಕೆಂದರೆ ಇದೇ ವಿಷಯಕ್ಕೆ ಈ ಊರುಗಳಲ್ಲಿ ಅಪ್ಪ-ಮಕ್ಕಳೇ ಮಾತು ಬಿಟ್ಟಿದ್ದರು.

1970-80ರ ದಶಕದಲ್ಲಿ ಬರೋಲೊ ಮಾರಾಟವಾಗುವುದೇ ಕಷ್ಟವಿತ್ತು. ರೈತರು ದ್ರಾಕ್ಷಿಯನ್ನು ದಲ್ಲಾಳಿಗಳಿಗೆ ಕೊಟ್ಟು, ಅವರು ಹೇಳಿದ ಬೆಲೆಗೆ ಸುಮ್ಮನಾಗುತ್ತಿದ್ದರು. ಲಾ ಮೊರ್ರಾದ ವೈನ್ ತಯಾರಕ ಎಲಿಯೊ ಆಲ್ತಾರೆ ಫ್ರಾನ್ಸಿನ ಬರ್ಗಂಡಿಗೆ ಹೋಗಿ ಅಲ್ಲಿನ ವೈನ್ ರೈತರ ಬದುಕು ನೋಡಿ ಬಂದರು. 1983ರಲ್ಲಿ ಅಪ್ಪನ ಹಳೆಯ ದೊಡ್ಡ ಪೀಪಾಯಿಗಳನ್ನು ಗರಗಸದ ಯಂತ್ರ ಹಿಡಿದು ಕೊಯ್ದುಹಾಕಿದರು. ಅಪ್ಪ ಆಸ್ತಿಯಲ್ಲಿ ಪಾಲೇ ಇಲ್ಲ ಅಂದುಬಿಟ್ಟರು. ಆಲ್ತಾರೆ ಮತ್ತು ಅವರ ಸಂಗಡಿಗರು 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿ, ಅಂದರೆ ಬ್ಯಾರಿಕ್, ತಂದರು. ಸಿಪ್ಪೆಯ ಜೊತೆ ನೆನೆಸುವುದನ್ನು ವಾರಗಳಿಂದ ದಿನಗಳಿಗೆ ಇಳಿಸಿದರು. ಬಳ್ಳಿಯಲ್ಲಿ ಅರ್ಧ ಗೊಂಚಲು ಕತ್ತರಿಸಿ ನೆಲಕ್ಕೆ ಹಾಕಿದರು. ವೈನ್ ಬೇಗ ಮೆದುವಾಯಿತು, ಅಮೆರಿಕದ ಮಾರುಕಟ್ಟೆ ತೆರೆಯಿತು.

ಇನ್ನೊಂದು ಬದಿಯಲ್ಲಿ ಬರೋಲೊ ಊರಿನ ಬಾರ್ತೊಲೊ ಮಸ್ಕರೆಲ್ಲೊ ಇದ್ದರು. ಸಾವಿರಾರು ಲೀಟರ್ ಹಿಡಿಯುವ ಹಳೆಯ ಸ್ಲವೋನಿಯ (ಕ್ರೊಯೇಷಿಯಾದ ಒಂದು ಪ್ರದೇಶ) ಓಕ್ ಪೀಪಾಯಿ, ವಾರಗಟ್ಟಲೆ ನೆನೆಸುವುದು, ಬೇರೆಬೇರೆ ತೋಟಗಳ ದ್ರಾಕ್ಷಿ ಬೆರೆಸಿ ಒಂದೇ ವೈನ್ ಮಾಡುವುದು. 2005ರಲ್ಲಿ ತೀರಿಕೊಳ್ಳುವ ತನಕ ಆ ಮನುಷ್ಯ ಒಂದಿಂಚೂ ಕದಲಲಿಲ್ಲ. ತನ್ನ ಕೈಯಾರೆ ಚಿತ್ರ ಬರೆದ ಲೇಬಲ್ ಮೇಲೆ "ಬ್ಯಾರಿಕ್ ಬೇಡ, ಬೆರ್ಲುಸ್ಕೋನಿ ಬೇಡ" ಅಂತ ಬರೆದವರು ಅವರೇ (ಬೆರ್ಲುಸ್ಕೋನಿ ಅಂದರೆ ಆಗಿನ ಇಟಲಿಯ ರಾಜಕೀಯ ನಾಯಕ). ಈಗ ಮಗಳು ಮರಿಯಾ ತೆರೇಸಾ ಅದೇ ಹಾದಿಯಲ್ಲಿ ನಡೆಸುತ್ತಿದ್ದಾರೆ.

ಈಗ ಇಬ್ಬರ ನಡುವಿನ ದೂರ ತುಂಬ ಕಡಿಮೆಯಾಗಿದೆ. ಹೊಸಬರಲ್ಲಿ ಅನೇಕರು ದೊಡ್ಡ ಪೀಪಾಯಿಗೆ ವಾಪಸ್ ಬಂದಿದ್ದಾರೆ. ಹಳಬರು ನೆಲಮಾಳಿಗೆಯ ಸ್ವಚ್ಛತೆ, ಗೊಂಚಲು ತೆಳುಮಾಡುವುದು ಇಂಥದ್ದನ್ನು ಹೊಸಬರಿಂದ ಕಲಿತರು. ನನ್ನ ಮನಸ್ಸು ಮಾತ್ರ ಮಸ್ಕರೆಲ್ಲೊ ಕಡೆಗೇ. ಹೊಸ ಓಕಿನ ವೆನಿಲಾ ವಾಸನೆಗೆ ನೆಬ್ಬಿಯೋಲೊದ ಗುಲಾಬಿ ಮುಚ್ಚಿಹೋದರೆ ಆ ಗುಡ್ಡ, ಆ ಮಣ್ಣು ಯಾಕೆ ಬೇಕಿತ್ತು?

ಕಾಯುವ ವಿಷಯ: ಎಳೆಯ ಬರೋಲೊ ಕುಡಿದರೆ ತಪ್ಪೇನಿಲ್ಲ. ಆದರೆ ಎಳೆಯದರಲ್ಲಿ ಸಿಗುವುದೂ ಬಲಿತದ್ದರಲ್ಲಿ ಸಿಗುವುದೂ ಒಂದೇ ಅಲ್ಲ. ಮೇಷ್ಟ್ರು ಹೇಳಿದ ಆ ಒಣಗುಲಾಬಿ, ಡಾಂಬರಿನ ವಾಸನೆ ಆರು ವರ್ಷಕ್ಕೆ ಬರುವುದಿಲ್ಲ. ಇನ್ನೂ ಒಂದಿದೆ. ಹಳೆ ಪದ್ಧತಿಯ ವೈನ್ ಬಾಟಲಿಗೆ ಬಂದ ಕೆಲವು ವರ್ಷಕ್ಕೆ ಬಾಯಿ ಮುಚ್ಚಿಕೊಂಡುಬಿಡುತ್ತೆ. ಹಣ್ಣೂ ಇಲ್ಲ, ಪರಿಮಳವೂ ಇಲ್ಲ, ಬರೀ ಒಗರು. ಆ ಹೊತ್ತಿನಲ್ಲಿ ತೆರೆದವರಿಗೆ ದುಡ್ಡು ದಂಡವಾಯ್ತು ಅನ್ನಿಸುತ್ತೆ. ನಾಲ್ಕೈದು ವರ್ಷ ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತೆ.

ಬೇಗ ಕುಡಿಯಲಿಕ್ಕೆ ಅಂತಲೇ ಅದೇ ದ್ರಾಕ್ಷಿಯ 'ಲಾಂಗೆ ನೆಬ್ಬಿಯೋಲೊ' ಇದೆ. ಒಳ್ಳೆ ಬರೋಲೊ ಮಾಡುವವರೇ ತಮ್ಮ ಎಳೆ ಬಳ್ಳಿಗಳ ಹಣ್ಣಿನಿಂದ ಮಾಡಿರುತ್ತಾರೆ, ಬೆಲೆ ಅರ್ಧಕ್ಕಿಂತ ಕಡಿಮೆ. ಬೆಂಗಳೂರಿನವರು ಕೇಳಿದರೆ ನಾನು ಮೊದಲು ಹೇಳುವುದು ಅದನ್ನೇ.

ತಿಕೋಟಾ ದ್ರಾಕ್ಷಿ ತೋಟ
ಅಕ್ಕಾರ, ನಮಸ್ಕಾರ್ರಿ. ನಾ ವೈನ್ ಕುಡಿಯಾಂವ ಅಲ್ಲ, ದ್ರಾಕ್ಷಿ ಬೆಳಿಯಾಂವ. ಹೆಕ್ಟೇರಿಗೆ 8 ಟನ್ ಅಂದ್ರ ಎಕರೆಗೆ ಮೂರು ಟನ್ ಮ್ಯಾಲ ಸ್ವಲ್ಪ ಆತಲ್ರಿ. ನಮ್ಮ ಕಡೆ ಥಾಮ್ಸನ್ ತಳಿ ಎಕರೆಗೆ 10 ಟನ್ ಬರಲಿಲ್ಲಂದ್ರ ಔಷಧ, ಗೊಬ್ಬರದ ಖರ್ಚೂ ಹೊಂಡಂಗಿಲ್ಲ. ಅದರಾಗೂ ಗೊಂಚಲು ಕತ್ತರಿಸಿ ನೆಲಕ್ಕ ಹಾಕತಾರ ಅಂದ್ರಿ, ಓದಿ ಹೊಟ್ಟಿ ಚುರ್ ಅಂತು. ಅವರಿಗೆ ಹೆಂಗ ಹೊಂದತೈತಿ? ಮತ್ತ ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೋದು, ಹೆಂಗ ಮಾಡತಾರ? ನಾವು ಏಪ್ರಿಲ್‌ದಾಗ ಒಂದು, ಅಕ್ಟೋಬರ್‌ದಾಗ ಒಂದು, ವರ್ಷಕ್ಕ ಎರಡು ಚಾಟ್ನಿ ಮಾಡ್ತೀವಿ. ಈ ತಳಿ ನಮ್ಮ ಮಣ್ಣಾಗ ಬರತೈತೇನ್ರಿ?

ತೊರಿನೊ ಕನ್ನಡತಿ
ಅಣ್ಣಾ, ನಿಮ್ಮ ಪ್ರಶ್ನೆ ನೋಡಿ ತುಂಬ ಖುಷಿಯಾಯಿತು.

ಇಲ್ಲಿ ಚಾಟ್ನಿ ವರ್ಷಕ್ಕೆ ಒಂದೇ ಸಲ, ಚಳಿಗಾಲದಲ್ಲಿ. ನಮ್ಮ ಕಡೆಯ ಬಳ್ಳಿಗೆ ನಿದ್ದೆ ಅನ್ನುವುದೇ ಇಲ್ಲ, ಇಲ್ಲಿ ನವೆಂಬರ್ ಆದಮೇಲೆ ಎಲೆ ಉದುರಿ ಹಿಮದಲ್ಲಿ ಬಳ್ಳಿ ಮಲಗಿಬಿಡುತ್ತೆ. ಆಗ ಹಳೆಯ ಕಡ್ಡಿಯೆಲ್ಲ ತೆಗೆದು ಒಂದೇ ಉದ್ದ ಕಡ್ಡಿ ಬಿಟ್ಟು ತಂತಿಗೆ ಬಗ್ಗಿಸಿ ಕಟ್ಟುತ್ತಾರೆ. ನೆಬ್ಬಿಯೋಲೊಗೆ ಉದ್ದ ಕಡ್ಡಿಯೇ ಬೇಕು. ಬುಡದ ಮೊದಲ ಒಂದೆರಡು ಕಣ್ಣುಗಳಲ್ಲಿ (ಚಿಗುರೊಡೆಯುವ ಜಾಗಗಳಲ್ಲಿ) ಗೊಂಚಲು ಬರುವುದಿಲ್ಲ, ಗಿಡ್ಡ ಚಾಟ್ನಿ ಮಾಡಿದರೆ ಬರೀ ಎಲೆ. ಅದೂ ಅಲ್ಲದೆ ಈ ತಳಿ ಎಲ್ಲರಿಗಿಂತ ಮೊದಲು ಚಿಗುರಿ ಎಲ್ಲರಿಗಿಂತ ಕೊನೆಗೆ ಮಾಗುತ್ತೆ. ಏಪ್ರಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ ಹೊಡೆದರೂ ಕಷ್ಟ, ಅಕ್ಟೋಬರ್‌ನ ಮಳೆ ಬಂದರೂ ಕಷ್ಟ. ನಡುವೆ ಆಲಿಕಲ್ಲು ಬೇರೆ. 2002ರಲ್ಲಿ ಆಲಿಕಲ್ಲು ಮತ್ತು ಮಳೆಗೆ ಎಷ್ಟೋ ವೈನ್ ಮನೆಗಳು ಆ ವರ್ಷ ಬರೋಲೊ ಬಾಟಲಿಯನ್ನೇ ಮಾಡಲಿಲ್ಲ. ಹಾಗಾಗಿ ಗುಡ್ಡದ ದಕ್ಷಿಣ ಮುಖದ, ಬಿಸಿಲು ಚೆನ್ನಾಗಿ ಬೀಳುವ ಇಳಿಜಾರು ನೆಬ್ಬಿಯೋಲೊಗೆ, ಉಳಿದ ಜಾಗ ಬಾರ್ಬೆರಾ, ದೊಲ್ಚೆತ್ತೊ ತಳಿಗಳಿಗೆ.

ಹೊಂದುವುದು ಬೆಲೆಯಿಂದ ಮಾತ್ರ. ಸಾಧಾರಣ ಬರೋಲೊ ಬಾಟಲಿಯೇ ಇಲ್ಲಿ 35-40 ಯೂರೊ, ಹೆಸರಾಂತ ಮನೆಗಳದ್ದು ನೂರಾರು. ಒಳ್ಳೆ ಜಾಗದ ತೋಟದ ಬೆಲೆ ಹೆಕ್ಟೇರಿಗೆ 10 ಲಕ್ಷ ಯೂರೊ ದಾಟುತ್ತೆ. ಇಷ್ಟೆಲ್ಲ ದುಡ್ಡಿರುವ ಈ ಗುಡ್ಡಗಳಲ್ಲಿ ಚಾಟ್ನಿ, ಕೊಯ್ಲು ಮಾಡುವ ಕೈಗಳಲ್ಲಿ ಬಹಳಷ್ಟು ಮ್ಯಾಸಿಡೋನಿಯಾದಿಂದ, ಆಫ್ರಿಕಾದಿಂದ ಬಂದವರದ್ದು. ಅವರ ಕೂಲಿಯ ವಿಷಯ ಇಲ್ಲಿನ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ, ಬರಲೇಬೇಕು.

ನಿಮ್ಮ ಕಡೆ ಬಳ್ಳಿ ಬದುಕಬಹುದು, ಕಾಯೂ ಬರಬಹುದು. ಆದರೆ ಬಿಸಿಲಿಗೆ ಸಕ್ಕರೆ ದಬದಬ ಏರಿ, ಹುಳಿ ಇಳಿದು, ಸಿಪ್ಪೆಯ ಒಗರು ಮಾಗುವ ಮೊದಲೇ ಕೊಯ್ಯಬೇಕಾಗುತ್ತೆ. ಇಟಲಿಯ ಒಳಗೇ ತೊರಿನೊ, ಆಲ್ಬಾ ಇರುವ ಈ ಪಿಯೆಮೊಂತೆ ಪ್ರಾಂತ್ಯ ಮತ್ತು ಆಲ್ಪ್ಸ್ ನಡುವಿನ ವಲ್ತೆಲ್ಲೀನಾ ಕಣಿವೆ ಬಿಟ್ಟರೆ ಇದು ಹೆಚ್ಚು ಕಡೆ ಹೊಂದಿಕೊಂಡಿಲ್ಲ. ದಯವಿಟ್ಟು ಇದರ ಮೇಲೆ ದುಡ್ಡು ಹಾಕಬೇಡಿ.

ತಿಕೋಟಾ ದ್ರಾಕ್ಷಿ ತೋಟ
ತಿಳೀತ್ರಿ ಅಕ್ಕಾರ. ಕಣ್ಣಿನ ಮಾತು ಬರೋಬ್ಬರಿ ಐತಿ, ನಮ್ಮಲ್ಲೂ ಥಾಮ್ಸನ್ ಬುಡದ ಕಣ್ಣಾಗ ಗೊಂಚಲು ಕಮ್ಮಿನ. ಅದಕ್ಕ ಅಕ್ಟೋಬರ್ ಚಾಟ್ನಿ ಮುಂದ ಕಡ್ಡಿ ಕೊಯ್ದು, ಕಣ್ಣು ಪರೀಕ್ಷೆ ಮಾಡಿಸೇ ಎಲ್ಲಿ ಕತ್ತರಿಸಬೇಕಂತ ನೋಡ್ತೀವಿ.

ಜಯನಗರದ ತಾತ
ಎಲ್ಲರ ಮಾತೂ ಓದಿದೆ. ಒಂದು ಬಾಟಲಿಯನ್ನು ದೀಪಾವಳಿಗೆ ಮಗಳು-ಅಳಿಯ ಬಂದಾಗ ತೆಗೆಯೋಣ ಅಂತ ನಿಶ್ಚಯಿಸಿದ್ದೇನೆ. ತೆಗೆಯುವ ಕ್ರಮ ಏನು? ಜೊತೆಗೆ ಏನು ಊಟ? ನಮ್ಮ ಮನೆಯಲ್ಲಿ ಅಳಿಯ ಬಿಟ್ಟು ಉಳಿದವರು ಸಸ್ಯಾಹಾರಿಗಳು.

ಲಂಡನ್ ಮಂಗಳೂರಿಗ
ನಾನು ಇಲ್ಲಿ ರೆಸ್ಟೋರೆಂಟಿನಲ್ಲಿ ವೈನ್ ಬಡಿಸುವ ಕೆಲಸ ಮಾಡುವವ, ಹಾಗಾಗಿ ಇದಕ್ಕೆ ನಾನು ಹೇಳ್ತೇನೆ.

ಸರ್, ಮೊದಲು ಬಾಟಲಿ ಆರೋಗ್ಯವಾಗಿದೆಯಾ ನೋಡಿ. ಕತ್ತಿನ ಮೇಲಿನ ಹೊದಿಕೆ ಅಲುಗಾಡುತ್ತದಾ, ಬಿರಡೆ ಮೇಲೆ ಉಬ್ಬಿದೆಯಾ, ಅಂಚಿನಲ್ಲಿ ಅಂಟಂಟು ಇದೆಯಾ? ಇದ್ದರೆ ಎಲ್ಲೋ ಬಿಸಿ ತಗುಲಿದೆ ಅಂತ ಲೆಕ್ಕ, ಅದನ್ನೇ ಮೊದಲು ತೆರೆಯಿರಿ. ತೆಗೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ, ಗಷ್ಟಿದ್ದರೆ ತಳಕ್ಕೆ ಕೂರುತ್ತದೆ. ಊಟಕ್ಕೆ ಮೂರು ನಾಲ್ಕು ಗಂಟೆ ಮುಂಚೆ ತೆರೆದು ಅಗಲ ತಳದ ಗಾಜಿನ ಜಗ್ಗಿಗೆ ನಿಧಾನ ಬಗ್ಗಿಸಿ. 2016ರ ಸೆರ್ರಲುಂಗಾಕ್ಕೆ ಅಷ್ಟು ಗಾಳಿ ಬೇಕೇ ಬೇಕು. (30-40 ವರ್ಷದ ಹಳೆ ಬಾಟಲಿಗೆ ಹೀಗೆ ಮಾಡಬಾರದು, ಇರುವ ಪರಿಮಳವೂ ಹಾರಿಹೋಗುತ್ತದೆ.) ಬಡಿಸುವಾಗ 16ರಿಂದ 18 ಡಿಗ್ರಿ ಇರಬೇಕು. ಬೆಂಗಳೂರಿನಲ್ಲಿ ಕೋಣೆಯ ಉಷ್ಣತೆ ಅಂದರೆ ಅದಕ್ಕಿಂತ ಎಷ್ಟೋ ಜಾಸ್ತಿ, ಜಗ್ಗನ್ನು ಬಡಿಸುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಲೋಟ ದೊಡ್ಡದಿರಲಿ, ಕಾಲುಭಾಗ ಮಾತ್ರ ತುಂಬಿಸಿ.

ಊಟದ ವಿಷಯ. ಖಾರ ಬೇಡವೇ ಬೇಡ. ಮೆಣಸಿನ ಉರಿಗೆ ಒಗರು ಇನ್ನೂ ಒರಟಾಗ್ತದೆ, ಆಲ್ಕೋಹಾಲ್ ಗಂಟಲು ಸುಡ್ತದೆ. ಹುಳಿಸಾರು, ರಸಂ ಪಕ್ಕಕ್ಕಿಡಿ. ಕೊಬ್ಬು ಮತ್ತು ಉಪ್ಪು ಒಗರನ್ನು ತಗ್ಗಿಸ್ತದೆ. ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಬೆಳ್ಳುಳ್ಳಿ ಸ್ವಲ್ಪ, ಕಾಳುಮೆಣಸು ತುಸು. ಗಟ್ಟಿ ಹಳೆಯ ಚೀಸ್ ಸಿಕ್ಕರೆ ಅದು. ಅಲ್ಲಿನವರು ಈ ವೈನಿನಲ್ಲೇ ದನದ ಮಾಂಸವನ್ನು ಗಂಟೆಗಟ್ಟಲೆ ಬೇಯಿಸ್ತಾರೆ, ತಾಜಾರಿನ್ ಅನ್ನುವ ಎಳೆ ಶಾವಿಗೆಯಂಥ ಮೊಟ್ಟೆಯ ಪಾಸ್ತಾ ಮೇಲೆ ಆಲ್ಬಾದ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ಅಣಬೆ) ತುರೀತಾರೆ. ಅಳಿಯಂದಿರಿಗೆ ಖಾರ ಕಡಿಮೆ ಹಾಕಿ ನಿಧಾನಕ್ಕೆ ಬೇಯಿಸಿದ ಮಟನ್ ಚೆನ್ನಾಗಿ ಹೊಂದ್ತದೆ.

ವೈಟ್‌ಫೀಲ್ಡ್ ನಿವಾಸಿ
ಇನ್ನೊಂದು ಬಾಟಲಿಯನ್ನು ಇಡಲೇಬೇಕು ಅಂತಿದ್ದರೆ ಸಣ್ಣ ವೈನ್ ಫ್ರಿಜ್ ತಗೊಳ್ಳಿ ಸರ್. ಮನೆಯ ಸಾಮಾನ್ಯ ಫ್ರಿಜ್ ಬೇಡ. ಅದು 4 ಡಿಗ್ರಿಗೆ ಇಳಿಯುತ್ತೆ, ಒಳಗೆ ಒಣಗಾಳಿ, ಬಿರಡೆ ಒಣಗಿ ಕುಗ್ಗುತ್ತೆ. ಒಂದೆರಡು ತಿಂಗಳಿಗೆ ಪರವಾಗಿಲ್ಲ, ವರ್ಷಗಟ್ಟಲೆ ಆಗುವುದಿಲ್ಲ. ವೈನ್ ಫ್ರಿಜ್ಜಿಗೂ ಯುಪಿಎಸ್ ಸಂಪರ್ಕ ಕೊಡಿಸಿ.

ಜಯನಗರದ ತಾತ
ಎರಡು ಬಾಟಲಿಗಾಗಿ ಒಂದು ಫ್ರಿಜ್ಜೇ? ಮನೆಯವಳು ಒಪ್ಪುವುದು ಅನುಮಾನ. ಮೊಮ್ಮಗಳಿಗೆ ಅಂತ ಅಳಿಯ ಆಸೆಪಟ್ಟದ್ದು ಮಾತ್ರ ನನಗೆ ಬಿಡಲು ಮನಸ್ಸಿಲ್ಲ. ಬೇರೆ ದಾರಿ ಇದೆಯೇ?

ತೊರಿನೊ ಕನ್ನಡತಿ
ಇದೆ ಸರ್, ಅದೂ ಸುಲಭದ್ದು. ತೊರಿನೊದ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಪ್ರತಿ ಮನೆಗೂ ನೆಲದಡಿಯಲ್ಲಿ 'ಕಂತೀನಾ' ಅಂತ ಒಂದು ಪುಟ್ಟ ಕೋಣೆ ಇರುತ್ತೆ. ಇಟ್ಟಿಗೆ ಕಮಾನು, ಮರದ ಬಾಗಿಲು, ಬೇಸಿಗೆಯಲ್ಲೂ ತಂಪು. ಅಳಿಯಂದಿರ ಮನೆಗೂ ಇದೆಯಾ ಕೇಳಿ. ಇದ್ದರೆ ನಿಮ್ಮ ಹತ್ತಿರ ಇರುವ ಎರಡನ್ನೂ ಒಂದೆರಡು ವರ್ಷದೊಳಗೆ ಕುಡಿದುಬಿಡಿ. ವಾಪಸ್ ಕಳಿಸುವ ಗೋಜು ಬೇಡ. ಮೊಮ್ಮಗಳ ಹೆಸರಿನಲ್ಲಿ ಅವರು ಅಲ್ಲೇ 2016ರದ್ದು ಇನ್ನೊಂದು ಕೊಂಡು ಅಲ್ಲೇ ಮಲಗಿಸಲಿ.

ಸಾಧ್ಯವಾದರೆ ಮ್ಯಾಗ್ನಂ ಕೊಳ್ಳಲು ಹೇಳಿ, ಅಂದರೆ ಒಂದೂವರೆ ಲೀಟರಿನ ಬಾಟಲಿ. ಅದರಲ್ಲಿ ವೈನಿಗೆ ಹೋಲಿಸಿದರೆ ಬಿರಡೆ ಮತ್ತು ಗಾಳಿಯ ಪಾಲು ಕಡಿಮೆ, ಇನ್ನೂ ನಿಧಾನವಾಗಿ ಬಲಿಯುತ್ತೆ, 25 ವರ್ಷಕ್ಕೆ ಅದೇ ಸರಿ. ಭಾರತಕ್ಕೆ ಬರುವವರಿಗೆ ಸುಂಕವಿಲ್ಲದೆ ತರಲು ಇರುವ ಮಿತಿ 2 ಲೀಟರ್, ಅದರೊಳಗೂ ಬರುತ್ತೆ. ಮದುವೆಗೆ ಒಂದೆರಡು ತಿಂಗಳು ಮುಂಚೆ ತಂದು ಗಷ್ಟು ಇಳಿಯಲು ಬಿಟ್ಟರೆ ಸಾಕು.

ಕೊಳ್ಳುವಾಗ ಕತ್ತಿನ ಮೇಲೆ ಸರ್ಕಾರದ ಸಂಖ್ಯೆಯ ಪಟ್ಟಿ ಇದೆಯಾ, ವೈನಿನ ಮಟ್ಟ ಬಿರಡೆಯ ಹತ್ತಿರವೇ ಇದೆಯಾ ನೋಡಲಿ. ಅಂಗಡಿಯ ಕಿಟಕಿಯಲ್ಲಿ ದೀಪದಡಿ ನಿಲ್ಲಿಸಿದ್ದನ್ನು ಬಿಟ್ಟು ಒಳಗಿನಿಂದ ತಂದುಕೊಡಿ ಅಂತ ಕೇಳಲಿ. ಕಂತೀನಾದಲ್ಲಿ ಇಡುವಾಗ ಹೀಟಿಂಗ್ ಪೈಪು ಹಾದುಹೋಗುವ ಗೋಡೆಯಿಂದ ದೂರ ಇರಲಿ, ಚಳಿಗಾಲ ಪೂರ್ತಿ ಆ ಪೈಪು ಬಿಸಿ ಇರುತ್ತೆ.